ದಾದ್ ಕೊಟ್ಟವರು

ಕೋಣೆಗೂ ನೆನಪಿರುತ್ತದೆ ಎಂದು ಬರೆದದ್ದು ಪತ್ರಿಕೆಯವರು. ಮಂದಾಕಿನಿ ಇಟಗಿ ಹಾಗೆ ಹೇಳಿರಲಿಲ್ಲ. ಅವಳು ಹೇಳಿದ್ದು ಇಷ್ಟೇ: ತಂಬೂರಿ ನುಡಿಯುತ್ತಿರುವ ಕೋಣೆಯಲ್ಲಿ ಯಾರಾದರೂ ಕೂತಿದ್ದರೆ, ಆ ನಾದ ಅವರ ಮೈಗೆ ತಾಗಿ ಒಂದಿಷ್ಟು ಬದಲಾಗಿಯೇ ಹಿಂದಿರುಗುತ್ತದೆ. ದಪ್ಪ ಮೈಗೆ ಒಂದು ಬಗೆ, ಉಣ್ಣೆಯ ಶಾಲಿಗೆ ಒಂದು ಬಗೆ, ಬರಿಗೋಡೆಗೆ ಇನ್ನೊಂದು ಬಗೆ. ಹಳೆಯ ಕ್ಯಾಸೆಟ್ಟಿನಲ್ಲಿ ಇದೆಲ್ಲ ಅಡಗಿಯೇ ಇರುತ್ತದೆ, ನಮ್ಮ ಕಿವಿಗೆ ಅದನ್ನು ಬಿಡಿಸಿ ಕೇಳುವ ಶಕ್ತಿ ಇಲ್ಲ. ತಂಬೂರಿ ಗಂಟೆಗಟ್ಟಲೆ ಒಂದೇ ತೆರನಾಗಿ ನುಡಿಯುವುದರಿಂದ ಆ ಚೂರುಪಾರು ವ್ಯತ್ಯಾಸಗಳನ್ನು ಕೂಡಿಸುತ್ತ ಹೋದರೆ, ಯಾರು ಎಲ್ಲಿ ಕೂತಿದ್ದರು, ಯಾರು ಯಾವಾಗ ಕೆಮ್ಮಿದರು ಎಂಬುದೆಲ್ಲ ಮೆಲ್ಲಗೆ ಹೊರಬೀಳುತ್ತದೆ. ಹಾಗೆ ಕೂಡಿಸುವ ಯಂತ್ರಕ್ಕಾಗಿ ಅವಳು ತನ್ನ ಹರೆಯದ ಒಳ್ಳೆಯ ವರ್ಷಗಳನ್ನೆಲ್ಲ ಸವೆಸಿದ್ದಳು. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಧಾರವಾಡದ ನಾದಸಂಗ್ರಹಾಲಯದಲ್ಲಿ ಎಲ್ಲರೂ ಅದನ್ನು ಕನ್ನಡಿ ಎನ್ನುತ್ತಿದ್ದರು.

ಇಷ್ಟೆಲ್ಲ ಕಷ್ಟ ಒಬ್ಬ ಹೆಂಗಸಿನ ದನಿಗಾಗಿ. ನೀಲವ್ವ ಹಲಗತ್ತಿಯ ಹಾಡು ಕೇಳದ ಮನೆ ಆ ಸೀಮೆಯಲ್ಲಿಲ್ಲ. ಆದರೆ ಬಲ್ಲವರು ಹೇಳುವಂತೆ ನೀಲವ್ವ ನಿಜವಾಗಿ ಹಾಡಿದ್ದು ರೇಡಿಯೋಕ್ಕಲ್ಲ, ದೊಡ್ಡ ಸಭೆಗಳಿಗೂ ಅಲ್ಲ. ಕೂಟಬಂದಿಯ ಕಾಲದಲ್ಲಿ, ಮನೆಮನೆಯ ಬೈಠಕ್ಕುಗಳಲ್ಲಿ. ಆಗ ಏಳು ಜನರಿಗಿಂತ ಹೆಚ್ಚು ಮಂದಿ ಒಂದೆಡೆ ಸೇರುವುದು ಅಪರಾಧವಾಗಿತ್ತು. ಭಜನೆಗೂ ಸಂಗೀತಕ್ಕೂ ಮಾತ್ರ ವಿನಾಯಿತಿ, ಅದೂ ಠಾಣೆಯವರು ಕೊಟ್ಟ ಟೇಪ್‌ರೆಕಾರ್ಡರ್ ನಡುಮನೆಯಲ್ಲಿ ಓಡುತ್ತಿರಬೇಕು, ಮಾರನೆಯ ದಿನ ಕ್ಯಾಸೆಟ್ಟು ಠಾಣೆಗೆ ಮುಟ್ಟಬೇಕು. ನೀಲವ್ವ ಅದಕ್ಕೆ ತಲೆಯಾಡಿಸಿ, ಮುಪ್ಪಿನ ಕಾಲದಲ್ಲಿ ತಂಬೂರಿ ಹೊರಿಸಿಕೊಂಡು ಮನೆಮನೆ ತಿರುಗಿದಳು. ಅವಳು ಹಾಡುತ್ತಿದ್ದಳು, ಕೂತವರು ಪಾಟಿಯ ಮೇಲೆ ಬಳಪದಿಂದ ಬರೆದು, ಒರೆಸಿ, ಮತ್ತೆ ಬರೆದು ಮಾತಾಡಿಕೊಳ್ಳುತ್ತಿದ್ದರು. ಬಂಧಿತರನ್ನು ದೂರದ ಜೈಲಿಗೆ ಒಯ್ಯುತ್ತಿದ್ದ ರೈಲನ್ನು ಸಾವಿರಾರು ಜನ ಹಳಿಯ ಮೇಲೆ ಕೂತು ತಡೆದರಲ್ಲ, ಅದನ್ನು ಗೊತ್ತು ಮಾಡಿದ್ದು ಅಂಥದೊಂದು ಬೈಠಕ್ಕಿನಲ್ಲೇ. ಠಾಣೆಯವರು ಕ್ಯಾಸೆಟ್ಟು ಕೇಳಿ ಕೇಳಿ ಒಂದಿಷ್ಟು ಸಂಗೀತ ಕಲಿತರೇ ಹೊರತು ಅವರಿಗೆ ಒಂದು ಹೆಸರೂ ಸಿಗಲಿಲ್ಲ. ಕೊನೆಗೆ ನೀಲವ್ವನನ್ನೇ ಹಿಡಿದರು. ಅವಳು ಯಾರನ್ನೂ ತೋರಿಸಿಕೊಡದೆ ಜೈಲಿನಲ್ಲೇ ತೀರಿಕೊಂಡಳು.

ಆಮೇಲೆ ಆ ಕಾಯ್ದೆ ಹೋಯಿತು, ನೀಲವ್ವನ ಮೂರ್ತಿ ನಿಂತಿತು, ಶಾಲೆಯ ಪಾಠದಲ್ಲಿ ಅವಳ ಹೆಸರು ಬಂತು. ಮೂವತ್ತು ವರ್ಷ ಕಳೆದ ಮೇಲೆ ಅದೇ ಕಾಯ್ದೆ ನೆಮ್ಮದಿ ಕಾಯ್ದೆ ಎಂಬ ಹೊಸ ಅಂಗಿ ತೊಟ್ಟು ತಿರುಗಿ ಬಂದಿತ್ತು. ಹಳೆಯ ಪ್ರಕರಣಗಳು ಮುಗಿದಿಲ್ಲವೆಂದೇ ತಿಳಿಯತಕ್ಕದ್ದು ಎಂದು ಅದರ ಒಂದು ಮೂಲೆಯಲ್ಲಿ ಬರೆದಿತ್ತು. ಮೂಲೆಯಲ್ಲಿ ಬರೆದದ್ದನ್ನು ಓದುವ ಅಭ್ಯಾಸ ಮಂದಾಕಿನಿಗಿರಲಿಲ್ಲ. ನೀಲವ್ವನ ಶತಮಾನೋತ್ಸವಕ್ಕೆ ಸರಕಾರ ದುಡ್ಡು ಕೊಡುತ್ತದೆ, ಠಾಣೆಯ ಕ್ಯಾಸೆಟ್ಟುಗಳನ್ನೆಲ್ಲ ಸಂಗ್ರಹಾಲಯಕ್ಕೆ ಒಪ್ಪಿಸುತ್ತದೆ ಎಂದಾಗ ಅವಳಿಗೆ ಹಿಗ್ಗೋ ಹಿಗ್ಗು. ಉದ್ಘಾಟನೆಯ ದಿನ ಮೈಕಿನ ಮುಂದೆ ನಿಂತು, "ಕಾಗದ ಸುಳ್ಳು ಹೇಳಬಹುದು, ಕನ್ನಡಿ ಸುಳ್ಳು ಹೇಳುವುದಿಲ್ಲ" ಎಂದೂ ಹೇಳಿಬಿಟ್ಟಳು. ಜನ ಚಪ್ಪಾಳೆ ತಟ್ಟಿದರು.

ಕ್ಯಾಸೆಟ್ಟುಗಳ ಜತೆಗೇ ಬಂದವರು ಮಳಗಿಯವರು. ಪರಂಪರಾ ಮಂಡಳಿಯ ವಿಶೇಷಾಧಿಕಾರಿ ಎಂದು ಅವರ ಬಾಗಿಲಿಗೆ ಫಲಕ ಹಾಕಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತನೆಯ ಮಾತು, ರಾಗಗಳ ಒಳ್ಳೆಯ ತಿಳಿವಳಿಕೆ. ಮೊದಲ ದಿನ ಕನ್ನಡಿಯ ಕೋಣೆಗೆ ಬಂದು ಕೂತಾಗ ಪರದೆಯ ಮೇಲೆ ಯಾರದೋ ನಡುಮನೆ ಬೂದು ಬಣ್ಣದಲ್ಲಿ ಮೂಡುತ್ತಿತ್ತು. ಗೋಡೆಗುಂಟ ಕೂತ ಜನ ನೆರಳುಗಳಾಗಿ ಕಾಣುತ್ತಿದ್ದರು, ಅವರಿಗೆ ಮುಖವಿರಲಿಲ್ಲ. ನೀಲವ್ವ ತಾಳದ ಸುತ್ತು ಮುಗಿಸಿ ಮೊದಲ ಪೆಟ್ಟಿಗೆ, ಅಂದರೆ ಸಮ್‌ಗೆ, ಬಂದು ಬಿದ್ದಾಗ ಆ ನೆರಳುಗಳಲ್ಲೊಂದು ಮೆಚ್ಚಿ ‘ಆಹಾ’ ಎಂದು ದಾದ್ ಕೊಟ್ಟಿತು.

"ಬಾಯಾರ, ಈ ದಾದ್ ಕೊಡೋದನ್ನ ತಗೀಬ್ಯಾಡ್ರಿ," ಎಂದರು ಮಳಗಿ. "ಮೊದಲಿನ ಎಂಜಿನಿಯರ್ರು ಎಲ್ಲಾ ಕತ್ತರಿಸಿ ಒಗದುಬಿಡತಿದ್ರು."

"ನಾ ಯಾಕ ತಗೀಲಿ ಸರ್? ಕೇಳೋ ಮಂದಿ ಆಹಾ ಅಂದ್ರನ ಹಾಡೋರಿಗೆ ಮುಂದಿನ ಜಾಗಾ ಕಾಣತದ. ಅದನ್ನ ಕಿತ್ತು ಹಾಕಿದ್ರ ಅರ್ಧಾ ಬೈಠಕ್ಕ ಹೋದಂಗ."

"ಯಾರ್ಯಾರದು ಅಂತ ಬ್ಯಾರೆ ಬ್ಯಾರೆ ಮಾಡಲಿಕ್ಕೆ ಬರತದೇನ್ರಿ?"

"ಬರತದ್ರಿ. ಒಬ್ಬೊಬ್ಬರ ಗಂಟಲಾ ಒಂದೊಂದು ನಮೂನಿ ಇರತದ. ಒಂದ ‘ಆಹಾ’ ಸಿಕ್ಕರೂ ಸಾಕು, ಆ ಗಂಟಲದ ಆಕಾರ ಪೂರಾ ತಗದು ಕೊಡತದ ಇದು."

ಹೊಗಳಿಸಿಕೊಳ್ಳುವ ಆಸೆಯಿಂದ ಹೇಳಿದ ಮಾತು ಅದು. ಮಳಗಿಯವರು ಹೊಗಳಿದರು ಕೂಡ. ಅವರು ಮಾತ್ರ ಅಂಗೈಗಳನ್ನು ಮೊಳಕಾಲ ಮೇಲೆ ಊರಿ ಕೂತಿದ್ದರು. ಅಂಥ ಸಮ್ ಬಂದಾಗಲೂ ಒಂದು ಬೆರಳು ಅಲುಗಲಿಲ್ಲ. ಇಂಥ ರಸಿಕ ಹೀಗೆ ಕಲ್ಲಾಗಿ ಕೂರುವುದು ಹೇಗೆ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲಿಗೇ ಬಿಟ್ಟಳು.

ಮನೆಯಲ್ಲಿ ಈ ಸಂಭ್ರಮಕ್ಕೆ ಜತೆಯಾಗುವವರಿರಲಿಲ್ಲ. ಗಂಡ ವಾಮನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದು ನಿವೃತ್ತನಾದವನು. ಅಡುಗೆಯಲ್ಲಿ ಅವಳಿಗಿಂತ ಒಂದು ಕೈ ಮೇಲು. ಅವಳು ಕನ್ನಡಿಯ ಸುದ್ದಿ ತೆಗೆದರೆ ಅವನು ಬದನೆಕಾಯಿಯ ಸುದ್ದಿ ತೆಗೆಯುತ್ತಿದ್ದ. ನೀಲವ್ವನ ಹಾಡು ರೇಡಿಯೋದಲ್ಲಿ ಬಂದರೆ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದ. ಸಂಗೀತದ ಗಂಧವಿಲ್ಲದವನೇ ಎಂದರೆ ಅದೂ ಅಲ್ಲ. ಬೇರೆ ಯಾರು ಹಾಡಿದರೂ ಮೈಯೆಲ್ಲ ಕಿವಿ ಮಾಡಿ ಕೇಳುತ್ತಿದ್ದ, ಸಮ್ ಬಂದಾಗ ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಸದ್ದು ಮಾಡುತ್ತಿದ್ದ. ಮರುಕಕ್ಕೆ ಲೊಚಗುಟ್ಟುವ ಸದ್ದಲ್ಲ ಅದು. ಮೊದಲು ಸಣ್ಣದೊಂದು, ಅದರ ಬೆನ್ನಿಗೇ ಗಟ್ಟಿಯಾದದ್ದೊಂದು: ಟ-ಟಕ್. ಗಟ್ಟಿಯಾದದ್ದು ಸರಿಯಾಗಿ ಸಮ್‌ನ ಮೇಲೆ ಬೀಳುತ್ತಿತ್ತು. ಎಣ್ಣೆಗಾಯಿ ರುಚಿಯಾದರೂ ಅದೇ, ಹುಡುಗನೊಬ್ಬ ಕುದುರೆಯ ಕಾಲನ್ನು ಸರಿಯಾಗಿ ಬರೆದರೂ ಅದೇ. ಮದುವೆಯಾದ ಕೆಲವೇ ವರ್ಷಗಳಲ್ಲಿ ಅದು ಮಂದಾಕಿನಿಗೂ ಅಂಟಿತ್ತು. ಕನ್ನಡಿಯನ್ನು ದಿನಾ ಬೆಳಿಗ್ಗೆ ಹಚ್ಚುವಾಗ ಕೋಣೆಯ ಮಾರ್ದನಿ ಅಳೆಯುವುದಕ್ಕೆ ಒಂದು ಚುರುಕಾದ ಸದ್ದು ಬೇಕಲ್ಲ, ಬೇರೆ ಎಂಜಿನಿಯರುಗಳು ಚಪ್ಪಾಳೆ ತಟ್ಟುತ್ತಾರೆ, ಇವಳು ಟ-ಟಕ್ ಎನ್ನುತ್ತಿದ್ದಳು.

ಮೊದಲು ಹೋದವರು ಸಪ್ತಾಪುರದ ಹೋಮಿಯೋಪತಿ ಡಾಕ್ಟರು ಸವಣೂರ. ಎಂಬತ್ತರ ಹತ್ತಿರದ ಮುದುಕ. ಬೆಳಿಗ್ಗೆ ಹಾಲಿಗೆಂದು ಹೊರಗೆ ಬಂದವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರಂತೆ. ಆಮೇಲೆ ಪೋಸ್ಟ್‌ಮಾಸ್ತರರಾಗಿದ್ದ ತಡಕೋಡ ಹೋದರು, ಆಮೇಲೆ ಹೊಲಿಗೆಯ ಕ್ಲಾಸು ನಡೆಸುತ್ತಿದ್ದ ಜೈಬುನ್ನಿಸಾಬಾಯಿ. ಊರಿಗೆ ಊರೇ ಗುಸುಗುಸು ಮಾತಾಡಿಕೊಂಡಿತು. ಈ ಮುದುಕರು ಮಾಡಬಾರದ್ದೇನು ಮಾಡಿದರೋ ಎಂದು ಮಂದಾಕಿನಿಯೂ ಎಲ್ಲರಂತೆ ಸೋಜಿಗಪಟ್ಟಳು.

ಸೋಜಿಗ ಬಹಳ ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಕನ್ನಡಿಯ ಪರದೆಯ ಕೆಳಗೆ ಅವಳು ಇಟ್ಟಿರದ ಹೊಸ ಕಿಟಕಿಯೊಂದು ತೆರೆದಿತ್ತು. ಬಾಗಿಲಿಂದ ಮೂರನೆಯ ನೆರಳಿನ ಪಕ್ಕದಲ್ಲಿ ಜೈಬುನ್ನಿಸಾಬಾಯಿಯ ಹೆಸರಿತ್ತು. ಪಡಿತರಕ್ಕೂ ಪಿಂಚಣಿಗೂ ಈಗ ಹೆಬ್ಬೆಟ್ಟು ಬೇಡ, ದನಿ ಸಾಕು. ಹಾಗೆ ಜನ ಕೊಟ್ಟ ದನಿಗಳೆಲ್ಲ ಒಂದು ಕಡೆ ಕೂಡಿಬಿದ್ದಿದ್ದವು. ಮಂಡಳಿಯವರು ಕನ್ನಡಿಯನ್ನು ಅದಕ್ಕೆ ಜೋಡಿಸಿದ್ದರು. ಬಾಯಿಯವರು ಆ ಬೈಠಕ್ಕಿನಲ್ಲಿ ಮಾತೇ ಆಡಿರಲಿಲ್ಲ. ನೀಲವ್ವ ಒಂದು ಕಡೆ ಸ್ವರಗಳ ತಾನ್ ಎತ್ತಿ ಇಳಿಸಿದಾಗ ಅವರ ಬಾಯಿಂದ "ಯಾ ಅಲ್ಲಾ" ಎಂದು ಹೊರಟಿತ್ತು, ಅಷ್ಟೇ.

ಅವಳು ಸೀದಾ ಮಳಗಿಯವರ ಕೋಣೆಗೆ ಹೋದಳು. "ಸರ್, ಇದನ್ನ ನಾ ಇದಕ್ಕಂತ ಮಾಡಿಲ್ಲ. ನನ್ನ ಯಂತ್ರಾ ನಾ ನಿಲ್ಲಸತೇನಿ."

"ನಿಮ್ಮ ಯಂತ್ರಾ ಮಂಡಳಿದು ಆಗಿ ಎಂಟು ತಿಂಗಳಾತಲ್ರಿ ಬಾಯಾರ. ಬೆಂಗಳೂರಾಗ ಇನ್ನೆರಡು ನಡದಾವ," ಎಂದರು ಮಳಗಿ, ಸಮಾಧಾನದಿಂದಲೇ. "ಚಹಾ ತಗೋರಿ. ನೀವು ನೀಲವ್ವನ್ನ ಹೊಳ್ಳಿ ಜೀವಂತ ಮಾಡೀರಿ. ಆಕಿ ಜೋಡಿ ಕೂತವರೂ ಬರತಾರ, ಅದಕ್ಕ ಯಾರೇನು ಮಾಡಲಿಕ್ಕೆ ಬರತದ?"

ಆ ತಿಂಗಳ ಕೊನೆಗೆ ಊರಿನ ಸಭಾಂಗಣದಲ್ಲಿ ಸಂಗೀತ ಕಚೇರಿಯೊಂದಿತ್ತು. ಹಾಡಿದವಳು ಇಪ್ಪತ್ತರ ಹುಡುಗಿ, ಚೆನ್ನಾಗಿ ಹಾಡಿದಳು. ಜನ ತುಂಬಿದ್ದರು, ದಾದ್ ಕೊಟ್ಟವರೇ ಸಿಕ್ಕಿಬಿದ್ದ ಸುದ್ದಿ ಅಷ್ಟರಲ್ಲಿ ಊರಿಗೆಲ್ಲ ಹಬ್ಬಿತ್ತು. ಸಮ್ ಬಂತು, ಮತ್ತೆ ಬಂತು. ಒಬ್ಬನೂ ಬಾಯಿ ಬಿಡಲಿಲ್ಲ. ಮುದುಕರು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದರು. ಅರ್ಧ ಗಂಟೆಯಾಗುವಷ್ಟರಲ್ಲಿ ಹುಡುಗಿ ಬೆವತು, ತಾನೇನು ತಪ್ಪು ಮಾಡುತ್ತಿದ್ದೇನೋ ಎಂದು ತಬಲದವನ ಮುಖ ನೋಡತೊಡಗಿದಳು. ಕೊನೆಗೆ ಅತ್ತುಬಿಟ್ಟಳು. ಮಂದಾಕಿನಿ ತಲೆ ತಗ್ಗಿಸಿಕೊಂಡು ಹೊರಗೆ ಬಂದಳು. ಇದನ್ನೆಲ್ಲ ಮಾಡಿದವಳು ತಾನು ಎಂಬ ನಾಚಿಕೆ ಅವಳನ್ನು ಸುಡುತ್ತಿತ್ತು.

ಕೊನೆಯ ಕ್ಯಾಸೆಟ್ಟು ರೈಲು ತಡೆಯುವುದನ್ನು ಗೊತ್ತು ಮಾಡಿದ ಬೈಠಕ್ಕಿನದು. ಮಳಗಿಯವರು ಅದನ್ನು ತಾವೇ ಕೂತು ಹಚ್ಚಿಸಿದರು. ನೀಲವ್ವ ಮಾರವಾ ಹಾಡುತ್ತಿದ್ದಳು. ಸಂಜೆಯ ರಾಗ, ಷಡ್ಜಕ್ಕೆ ಬಂದಳು ಎನ್ನುವಷ್ಟರಲ್ಲಿ ಪಕ್ಕಕ್ಕೆ ಸರಿದು ಕೇಳುವವರನ್ನು ಕಾಯಿಸುವ ರಾಗ. ಕೋಣೆ ಮೂಡಿತು, ನೆರಳುಗಳು ಮೂಡಿದವು. ಎಲ್ಲರೂ ಬಾಯಿ ಬಿಗಿಹಿಡಿದಿದ್ದರು. ಕಾದು ಕಾದು ಸಾಕಾಗುವ ಹೊತ್ತಿಗೆ ನೀಲವ್ವ ಷಡ್ಜವನ್ನೂ ಸಮ್ಮನ್ನೂ ಒಟ್ಟಿಗೇ ಮುಟ್ಟಿದಳು. ಬಾಗಿಲ ಬಳಿಯ ನೆರಳು ಟ-ಟಕ್ ಎಂದಿತು.

ಅದು ಯಾರದೆಂದು ತಿಳಿಯಲು ಮಂದಾಕಿನಿಗೆ ಯಂತ್ರ ಬೇಕಿರಲಿಲ್ಲ, ದಿನಾ ಊಟಕ್ಕೆ ಕೂತಾಗ ಕೇಳುವ ಸದ್ದು ಅದು. ಆದರೆ ಕನ್ನಡಿಯ ಹತ್ತಿರ ವಾಮನ ಪಿಂಚಣಿಗಾಗಿ ಆಡಿದ ಮಾತಿತ್ತೇ ಹೊರತು ಅವನ ನಾಲಿಗೆಯ ಸದ್ದಿರಲಿಲ್ಲ. ಅದು ಸ್ವಲ್ಪ ಹೊತ್ತು ತಡಕಾಡಿ, ದಿನಾ ಬೆಳಿಗ್ಗೆ ತನ್ನ ಮುಂದೆ ಆ ಸದ್ದು ಮಾಡುವವಳ ಹೆಸರನ್ನು ಆ ನೆರಳಿನ ಪಕ್ಕದಲ್ಲಿ ಬರೆಯಿತು: ಮಂದಾಕಿನಿ ಇಟಗಿ.

ಮಳಗಿಯವರು ಪರದೆಯನ್ನು ನೋಡಿದರು, ಅವಳನ್ನು ನೋಡಿದರು. ಮೊದಲ ಸಲ ಅವರ ಮುಖದಲ್ಲಿ ನಗು ಕಾಣಿಸಿತು.

"ಆವಾಗ ನೀವು ಪುಣೆದಾಗ ಓದಲಿಕ್ಕೆ ಹತ್ತಿದ್ರಿ. ನಿಮ್ಮ ಕಾಗದ ಎಲ್ಲಾ ನೋಡೇನಿ ನಾ."

"ಯಂತ್ರಾ ತಪ್ಪು ಮಾಡಿರಬೇಕ್ರಿ."

"ಇಲ್ಲೀತನಕ ಮಾಡಿಲ್ಲ," ಎಂದು ಮಳಗಿಯವರು ಎದ್ದರು. "ಇಂಥ ರೂಢಿ ಯಾರಿಂದರೆ ಬಂದಿರತದ. ಮಾಸ್ತರ್ರನ್ನ ಭೆಟ್ಟಿ ಆಗಿಲ್ಲ ನಾ ಇನ್ನೂ. ಐತವಾರ ಸಂಜಿಗೆ ಚಹಾಕ್ಕ ಬರತೇನಿ, ನಡೀತದಲ್ರಿ?"

ಅವಳು ಮನೆಗೆ ಬಂದು ಬಾಗಿಲು ಹಾಕಿ, ರೇಡಿಯೋ ಜೋರು ಮಾಡಿ, ಗಂಡನಿಗೆ ಎಲ್ಲವನ್ನೂ ಹೇಳಿದಳು. ವಾಮನ ಹಿಟ್ಟು ನಾದುತ್ತಿದ್ದ. ಕೈ ತೊಳೆಯಲಿಲ್ಲ, ಹಾಗೇ ಕೂತ.

"ಬಾಗಲಾ ಕಾಯೋದು ನನ್ನ ಕೆಲಸ ಇತ್ತು," ಎಂದ. "ಪಾಟಿ ಮ್ಯಾಲೆ ರೈಲಿನ ದಾರಿದು ನಕಾಶಿ ತಗದಾಂವನೂ ನಾನ."

"ನನಗ ಹೇಳಬಾರದಾಗಿತ್ತೇನು?"

"ಯಾರ ಮುಂದೂ ಹೇಳಂಗಿಲ್ಲ ಅಂತ ನೀಲವ್ವಗ ಮಾತು ಕೊಟ್ಟಿದ್ವಿ. ನೀ ಬಂದದ್ದು ಆಮ್ಯಾಲೆ. ಆಕಿ ಹಾಡು ಕೇಳಿದ್ರ ನಾ ಬಾಯಿ ಬಿಟ್ಟೇನು ಅಂತ ಹೆದರಿ ಹಿತ್ತಲಕ್ಕ ಹೋಗತಿದ್ದೆ."

"ಉಳದದ್ದೆಲ್ಲಾ ಹಿಡಕೊಂಡು ಕೂತ್ರಿ. ಇದೊಂದನ್ನ ಹಿಡಕೊಳ್ಳಲಿಕ್ಕೆ ಆಗಲಿಲ್ಲೇನು?"

"ಎಲ್ಲಾರೂ ಸುಮ್ಮನ ಕೂತ್ರ ಪೊಲೀಸರಿಗೆ ಸಂಶೆ ಬರತದ, ನಡುನಡುವ ದಾದ್ ಕೊಡೋಣು ಅಂತ ಮಾತಾಡಿಕೊಂಡಿದ್ವಿ." ಅವನು ಕೈಗೆ ಮೆತ್ತಿದ ಹಿಟ್ಟನ್ನು ನೋಡಿಕೊಂಡ. "ಅದು ನೆವ ಬಿಡು. ಆಕಿ ಹಂಗ ಬಂದು ಸಮ್ ಹಿಡದ್ರ ಸುಮ್ಮನ ಕೂಡೋದು ಯಾರ ಕೈಲೆ ಆಗತಿತ್ತು?"

ಓಡಿಹೋಗೋಣ ಎಂದರೆ ಬಸ್ಸಿಗೂ ದನಿ ಕೊಡಬೇಕು, ಲಾಡ್ಜಿಗೂ ದನಿ ಕೊಡಬೇಕು. ಉಳಿದದ್ದು ಒಂದೇ ದಾರಿ. ಕೋರ್ಟು ಕನ್ನಡಿಯ ಮಾತನ್ನಷ್ಟೇ ಒಪ್ಪುತ್ತದೆ. ಮಳಗಿಯವರು ಚಹಾಕ್ಕೆ ಬರುವುದು ವಾಮನನ ಬಾಯಿಂದ ಆ ಸದ್ದು ಹಿಡಿಯುವುದಕ್ಕೇ, ಐತವಾರ ಸಂಜೆ ಅವನು ಅದನ್ನು ಮಾಡದಿದ್ದರೆ ಅವರ ಕೈಗೆ ಏನೂ ಸಿಗುವುದಿಲ್ಲ. ಹಾಗಾಗಿ ಗಂಡ ಹೆಂಡತಿ ಕೂತು ತಾಲೀಮು ಶುರುಮಾಡಿದರು. ಸಣ್ಣ ದನಿಯಲ್ಲಿ ನೀಲವ್ವನನ್ನು ಹಚ್ಚುವುದು, ಸಮ್ ಬಂದಾಗ ಸುಮ್ಮನಿರುವುದು. ಮೊದಲ ಸಲ ಟ-ಟಕ್. ಎರಡನೆಯ ಸಲವೂ ಟ-ಟಕ್. ಅವಳು ಅವನ ಬಾಯಿಗೆ ಅಡಕೆಯ ಹೋಳು ತುರುಕಿದಳು. ಸಮ್ ಬಂದಾಗ ಅಡಕೆ ಗಂಟಲಿಗೆ ಸಿಕ್ಕಿ ಕೆಮ್ಮತೊಡಗಿದ. ಬೆನ್ನು ತಟ್ಟುತ್ತ ಅವಳಿಗೆ ನಗು ಬಂತು, ಅವನಿಗೂ ಬಂತು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತಲೇ ಅವಳು ಅಳುವುದಕ್ಕೆ ಶುರುಮಾಡಿದಳು. ಇವನಿಲ್ಲದ ಮನೆಯನ್ನು ನೆನೆಯುವುದಕ್ಕೇ ಅವಳಿಂದ ಆಗಲಿಲ್ಲ.

ಶನಿವಾರದ ಹೊತ್ತಿಗೆ ಅವನು ಕಲಿತಿದ್ದ. ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಒಂದಿಡೀ ಹಾಡನ್ನು ಕೇಳಿದ. ಮುಗಿದಾಗ ನಾಲಿಗೆಯ ಮೇಲೆ ರಕ್ತವಿತ್ತು.

ಮಳಗಿಯವರು ಹೇಳಿದ ವೇಳೆಗೆ ಬಂದರು. ಬರುವಾಗ ಧಾರವಾಡ ಪೇಡೆ ತಂದರು, ಗೋಡೆಯ ಮೇಲಿದ್ದ ವಾಮನನ ಚಿತ್ರಗಳನ್ನು ನಿಂತು ನೋಡಿದರು, ಚಹಾ ಕುಡಿದರು. ಅಂಗಳದಲ್ಲಿ ಅವರ ಜೀಪು ನಿಂತಿತ್ತು, ಅದರಲ್ಲಿ ಇಬ್ಬರು ಕೂತಿದ್ದರು. ಆಮೇಲೆ ಚೀಲದಿಂದ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಕನ್ನಡಿಯನ್ನು ಇಷ್ಟು ಚಿಕ್ಕದಾಗಿಸಿದ್ದು ಮಂದಾಕಿನಿಗೆ ಗೊತ್ತೇ ಇರಲಿಲ್ಲ.

"ನೀಲವ್ವನ ಮಾರವಾ ಅದ ಮಾಸ್ತರ್ರ. ಹೊತ್ತೂ ಕೂಡಿ ಬಂದದ. ಕೇಳೋಣಲ್ರಿ?"

"ಕೇಳೋಣ್ರಿ," ಎಂದ ವಾಮನ.

ತಂಬೂರಿ ಎದ್ದಿತು. ಕಿಟಕಿಯಾಚೆ ಬೆಳಕು ಇಳಿಯುತ್ತಿತ್ತು. ಮಳಗಿಯವರು ಮೊಳಕಾಲ ಮೇಲೆ ಕೈಯೂರಿ, ಹಾಡಿನ ಕಡೆಗಲ್ಲ, ವಾಮನನ ದವಡೆಯ ಕಡೆಗೆ ನೋಡುತ್ತ ಕೂತರು. ಮೊದಲ ಸಮ್ ಬಂತು. ವಾಮನ ಅಲುಗಲಿಲ್ಲ. ಎರಡನೆಯದು ಬಂತು, ಹೋಯಿತು. ನೀಲವ್ವ ಮೇಲೆ ಹತ್ತಿದಳು, ಷಡ್ಜದ ಬಾಗಿಲಿಗೆ ಬಂದು ಒಳಗೆ ಕಾಲಿಡದೆ ಹಿಂದೆ ಸರಿದಳು. ಮತ್ತೆ ಬಂದಳು, ಮತ್ತೆ ಸರಿದಳು.

ಮಂದಾಕಿನಿ ಗಂಡನ ಮುಖ ನೋಡಿದಳು. ಅವನ ಕಣ್ಣು ತುಂಬಿತ್ತು. ಅಲ್ಲಿ ಹೆದರಿಕೆ ಇರಲಿಲ್ಲ. ಬಾಗಿಲ ಬಳಿ ಕೂತು ಕಾಯುತ್ತಿದ್ದ ಇಪ್ಪತ್ನಾಲ್ಕರ ಹುಡುಗ ಅಲ್ಲಿದ್ದ, ಪಾಟಿ ಹಿಡಿದ ಡಾಕ್ಟರು, ಪೋಸ್ಟ್‌ಮಾಸ್ತರರು, ಜೈಬುನ್ನಿಸಾಬಾಯಿ ಎಲ್ಲರೂ ಇದ್ದರು. ಕಚ್ಚಿಹಿಡಿದಿದ್ದ ನಾಲಿಗೆಯನ್ನು ಅವನು ಬಿಟ್ಟದ್ದು ಅವಳಿಗೆ ಕಂಡಿತು. ಇನ್ನು ಇವನು ಸುಮ್ಮನಿರಲಾರ ಎಂದು ಅವಳಿಗೆ ಖಾತ್ರಿಯಾಯಿತು. ಅವನನ್ನು ತಡೆಯಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಈ ಸಮ್ ಎಲ್ಲಿ ಬೀಳುತ್ತದೆ ಎಂಬುದು ಅವಳಿಗೂ ಅಷ್ಟೇ ಚೆನ್ನಾಗಿ ಗೊತ್ತಿತ್ತು.

ನೀಲವ್ವ ಷಡ್ಜ ಮುಟ್ಟಿದಳು. ಟ-ಟಕ್.

ಎರಡು ಬಾಯಿ, ಒಂದೇ ಸದ್ದು. ಕೂದಲೆಳೆಯಷ್ಟೂ ಹಿಂದುಮುಂದಾಗಲಿಲ್ಲ. ಪೆಟ್ಟಿಗೆಯ ಪರದೆ ಮಿಣಮಿಣನೆ ಹುಡುಕಾಡಿತು. ಆ ಸದ್ದನ್ನು ಇಬ್ಬರಲ್ಲಿ ಯಾರಿಗೆ ಹಚ್ಚಬೇಕೆಂದು ಅದಕ್ಕೆ ತಿಳಿಯಲಿಲ್ಲ. ಮಂದಾಕಿನಿಯ ಎದೆ ಹಗುರವಾಯಿತು. ತನ್ನ ಯಂತ್ರ ಸೋತದ್ದಕ್ಕೆ ಇಷ್ಟು ಸಂತೋಷವಾಗಬಹುದೆಂದು ಅವಳು ಎಣಿಸಿರಲಿಲ್ಲ.

ಮಳಗಿಯವರು ಪೆಟ್ಟಿಗೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಪರದೆಯನ್ನು ಓದಿದರು.

"ಇಬ್ಬರದೂ ಹೌದು ಅಂತದ ಇದು."

"ಹಂಗಂದ್ರ ಅದಕ್ಕ ಗೊತ್ತಾಗಿಲ್ಲಂತ ಅರ್ಥ ಸರ್. ನಾ ಆವಾಗ ಊರಾಗ ಇರಲಿಲ್ಲ, ನಿಮಗ ಗೊತ್ತದ. ನನ್ನ ಹೆಸರ ಹೇಳಿದ ಯಂತ್ರಾ ಯಾರ ಹೆಸರ ಹೇಳಿದ್ರೂ ಅದನ್ನ ನಂಬಲಿಕ್ಕೆ ಬರಂಗಿಲ್ಲ."

"ಪುಣೆದ್ದು ಕಾಗದ ಬಾಯಾರ," ಎಂದರು ಮಳಗಿಯವರು, ಎಂದಿನ ಮೆತ್ತನೆಯ ದನಿಯಲ್ಲೇ. "ಕಾಗದ ಸುಳ್ಳು ಹೇಳಬಹುದು, ಕನ್ನಡಿ ಹೇಳಂಗಿಲ್ಲ ಅಂತ ನೀವ ಹೇಳೀರಿ. ಅದನ್ನ ಕೋರ್ಟಿನಾಗ ದಿನಾ ಓದಿ ಹೇಳತಾರ. ಇಬ್ಬರೊಳಗ ಒಬ್ಬರನ್ನ ಆರಿಸಲಿಕ್ಕೆ ನಾ ಯಾವಾಂವ? ಇಬ್ಬರೂ ಬರ್ರಿ. ಸ್ವೆಟರ್ ಇದ್ರ ಹಾಕ್ಕೋರಿ, ಜೀಪಿನಾಗ ಗಾಳಿ ಬರತದ."

ಅಂಗಳದಲ್ಲಿ ಜೀಪಿನ ಬಾಗಿಲು ತೆರೆದ ಸದ್ದಾಯಿತು. ಗಂಡ ಹೆಂಡತಿ ಏಳಲಿಲ್ಲ. ಮೇಜಿನ ಮೇಲೆ ನೀಲವ್ವ ಇನ್ನೂ ಹಾಡುತ್ತಿದ್ದಳು, ಇನ್ನೊಂದು ಸುತ್ತು ಎತ್ತಿಕೊಂಡಿದ್ದಳು, ಮತ್ತೆ ಷಡ್ಜದ ಹತ್ತಿರಕ್ಕೆ ಬರುತ್ತಿದ್ದಳು. ವಾಮನ ಹೆಂಡತಿಯ ಕೈ ಹಿಡಿದುಕೊಂಡ. ಇದೊಂದನ್ನು ಕೇಳಿಯೇ ಏಳೋಣ ಎಂಬಂತೆ ಇಬ್ಬರೂ ಕಾದರು. ಸಮ್ ಬರುವ ಮೊದಲೇ ಮಳಗಿಯವರು ಗುಂಡಿ ಒತ್ತಿ ಪೆಟ್ಟಿಗೆಯನ್ನು ಆರಿಸಿದರು.